ಅಳುವುದಕ್ಕೊಂದು ಮನೆ

ನಿಮಗೆ ಯಾವ ಯಾವ ಭಾಷೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ಕೊಂಕಣಿ, ಕನ್ನಡ, ತುಳು, ಇಂಗ್ಲಿಷ್ ಎಂದು ಹೇಳಿ ಸುಮ್ಮನಾಗುತ್ತೇನೆ. ಇಷ್ಟು ವರ್ಷ ಕುವೈತಿನಲ್ಲಿದ್ದೂ ಅರಬ್ಬಿ ಕಲಿಯಲಿಲ್ಲವೇ ಎನ್ನುವವರಿಗೆ, ತರಕಾರಿ ಕೊಳ್ಳುವಷ್ಟು ಬರುತ್ತದೆ ಎನ್ನುತ್ತೇನೆ. ಲುಸೋಗದ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ. ಎತ್ತಿದರೆ ಅದೆಲ್ಲಿಯ ಭಾಷೆ, ಒಂದಿಷ್ಟು ಮಾತಾಡಿ ತೋರಿಸಿ, ‘ಊಟ ಆಯಿತಾ’ ಎನ್ನುವುದಕ್ಕೆ ಏನನ್ನುತ್ತಾರೆ ಎಂದು ಶುರುವಾಗುತ್ತದೆ. ಸರ್ಕಸ್ಸಿನ ಕರಡಿಯ ಹಾಗೆ ಕುಣಿಯುವುದು ನನಗೆ ಇಷ್ಟವಿಲ್ಲ. ಒಮ್ಮೆ ಮಂಗಳೂರಿನಲ್ಲಿ ಅದು ಬಾಂಟು ಗುಂಪಿನ ಭಾಷೆ ಎಂದು ವಿವರಿಸಲು ಹೋಗಿ, ‘ಹೋ, ನಮ್ಮ ಬಂಟರದ್ದಾ?’ ಎಂದು ಕೇಳಿಸಿಕೊಂಡ ಮೇಲೆ ಆ ಉಸಾಬರಿಯನ್ನೇ ಬಿಟ್ಟೆ.

ನಾನು ಹುಟ್ಟಿದ್ದು ಉಗಾಂಡದಲ್ಲಿ, ದೊಡ್ಡ ಸರೋವರದಿಂದ ನೈಲ್ ನದಿ ಹೊರಬೀಳುವ ಕಡೆ. ಅಪ್ಪ ಅಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಅಮ್ಮ ಆಗಾಗ ಹಾಸಿಗೆ ಹಿಡಿಯುತ್ತಿದ್ದುದರಿಂದ ನನ್ನನ್ನು ಎತ್ತಿ ಆಡಿಸಿದ್ದು, ಉಣಿಸಿದ್ದು, ಬೈದದ್ದು ಎಲ್ಲ ಸೋಗ ಜನದ ಒಬ್ಬ ಆಯಾ. ನಾನು ಮೊದಲು ಮಾತಾಡಿದ್ದು ಅವಳ ಲುಸೋಗ ಭಾಷೆಯನ್ನೇ. ಕೊಂಕಣಿ ಆಮೇಲೆ ಬಂತು. ಇದನ್ನು ಅಮ್ಮ ಕೊನೆಯವರೆಗೂ ಸ್ವಲ್ಪ ಮುನಿಸಿನಿಂದಲೇ ಹೇಳುತ್ತಿದ್ದಳು.

ಹತ್ತು ತುಂಬಿದಾಗ ಓದಲೆಂದು ನನ್ನನ್ನು ಮಂಗಳೂರಿನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಇಂದು ನಾನು ಬರೆಯುತ್ತಿರುವ ಈ ಕನ್ನಡ ಅಲ್ಲಿ ಬೆರಳಿಗೆ ಪೆಟ್ಟು ತಿಂದು ಕಲಿತದ್ದು. ದೊಡ್ಡ ರಜೆಗೆ ಹೋಗುವುದು, ಮುಂದಿನ ವರ್ಷ ಹೋಗುವುದು ಎಂದು ಮುಂದೂಡುತ್ತಲೇ ಇದ್ದೆವು. ಅಷ್ಟರಲ್ಲಿ ಅಲ್ಲಿನ ಸರ್ಕಾರ ಭಾರತೀಯರೆಲ್ಲ ಜಾಗ ಖಾಲಿ ಮಾಡಬೇಕೆಂದು ಅಪ್ಪಣೆ ಮಾಡಿತು. ಅಪ್ಪ ಅಮ್ಮ ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಮಂಗಳೂರಿಗೆ ಬಂದಿಳಿದರು. ಆಯಾ ಏನಾದಳು ಎಂದು ಕೇಳಿದೆ. ‘ಅವಳ ಊರಿಗೆ ಹೋದಳು’ ಎಂದರು ಅಪ್ಪ. ಅವಳ ಊರು ಯಾವುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಬ್ಬರೂ ಕೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಕುವೈತಿಗೆ ಬಂದೆ. ಗಂಡನಿಗೆ ಎಣ್ಣೆ ಕಂಪನಿಯಲ್ಲಿ ಪಾಳಿಯ ಕೆಲಸ. ಫಿಂಟಾಸಿನಲ್ಲಿ ಸಮುದ್ರಕ್ಕೆ ಹತ್ತಿರ ನಮ್ಮ ಫ್ಲ್ಯಾಟು. ಸಮುದ್ರ ಹತ್ತಿರ ಎಂದರೆ ಮಂಗಳೂರಿನವರು ಖುಷಿಪಡಬೇಕು. ನನಗೆ ಆ ಸಮುದ್ರ ಮೊದಲ ದಿನದಿಂದಲೇ ಹಿಡಿಸಲಿಲ್ಲ. ಅಲೆಯಿಲ್ಲ, ಮೀನಿನ ಗಲಾಟೆಯಿಲ್ಲ, ಸುಮ್ಮನೆ ಬಿಸಿಲಿಗೆ ಬಿದ್ದುಕೊಂಡಿರುತ್ತಿತ್ತು. ಗಂಡ ಬೆಳಗಿನ ಪಾಳಿಗೆ ಹೋದರೆ ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ಕೂರುವುದು, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಶಬ್ದವಾಗದ ಹಾಗೆ ಕೂರುವುದು. ಒಟ್ಟಿನಲ್ಲಿ ಕೂರುವುದೇ. ಮಗಳು ಹುಟ್ಟಿದ ಮೇಲೆ ಕೈಗೆ ಕೆಲಸ ಬಂತು, ಆದರೆ ಕೂಸಿನೊಡನೆ ಎಷ್ಟು ಹೊತ್ತು ಮಾತಾಡಲಾದೀತು?

ಒಬ್ಬಳೇ ಇದ್ದಾಗ ನನ್ನ ಬಾಯಿಂದ ಬರುತ್ತಿದ್ದದ್ದು ಲುಸೋಗ. ಹಾಲು ಉಕ್ಕಿದರೆ, ಬೆರಳು ಬಾಗಿಲಿಗೆ ಸಿಕ್ಕಿದರೆ, ಧೂಳಿನ ಗಾಳಿ ಎದ್ದು ಒಗೆದ ಬಟ್ಟೆಯೆಲ್ಲ ಕೆಂಪಾದರೆ ಅದೇ ಭಾಷೆಯಲ್ಲಿ ಬೈಯುತ್ತಿದ್ದೆ. ಉತ್ತರ ಕೊಡುವವರು ಯಾರೂ ಇರಲಿಲ್ಲ. ಗೋಡೆಗೆ ಹೇಳಿ ಹೇಳಿ ಒಂದು ಭಾಷೆಯನ್ನು ಉಳಿಸಿಕೊಳ್ಳುವುದು ಎಂಥ ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಶುಕ್ರವಾರ ಅಹ್ಮದಿಯ ಚರ್ಚಿಗೆ ಹೋಗುತ್ತಿದ್ದೆವು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಚಹಾ, ಸಮೋಸ, ಯಾರ ವಾಸದ ಪರವಾನಗಿಯ ಇಕಾಮಾ ಆಯಿತು, ಯಾರಿಗೆ ಜಾಮೀನು ನಿಂತ ಕಫೀಲ್ ತಕರಾರು ಮಾಡಿದ ಎಂಬ ಮಾತು. ಅಂಥ ಒಂದು ಶುಕ್ರವಾರ, ಕಾಂಪೌಂಡ್ ಗೋಡೆಯ ಹತ್ತಿರ ಒಬ್ಬ ಹೆಂಗಸು ಇಬ್ಬರು ಬಿಳಿಯ ಮಕ್ಕಳನ್ನು ಬೈಯುತ್ತಿದ್ದುದು ಕಿವಿಗೆ ಬಿತ್ತು. ಐವತ್ತರ ಆಸುಪಾಸಿನ ಕಪ್ಪು ಹೆಂಗಸು, ತಲೆಗೆ ವಸ್ತ್ರ ಕಟ್ಟಿದ್ದಳು. ಅವಳ ಮಾತು ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಿತು. ದನಿ ಪರಿಚಯದ್ದು, ಪದಗಳು ಪೂರ್ತಿ ಸಿಕ್ಕುವುದಿಲ್ಲ. ಆದರೂ ಬೈಗುಳ ಯಾವುದೆಂದು ಗೊತ್ತಾಯಿತು. ಬೂಟಿಗೆ ಮಣ್ಣು ಮಾಡಿಕೊಂಡಾಗ ನನಗೂ ಅದೇ ಸಿಗುತ್ತಿತ್ತು.

ಸಮೋಸದ ತಟ್ಟೆಯನ್ನು ಗಂಡನ ಕೈಗಿಟ್ಟು ಅವಳ ಬಳಿ ಹೋದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಹತ್ತಿರವಾಗುತ್ತಿದ್ದಂತೆ ಮೊಣಕಾಲು ತಾನಾಗಿ ಮಡಚಿತು. ಅವರ ಕಡೆ ಹೆಂಗಸರು ಹಿರಿಯರನ್ನು ಮಾತಾಡಿಸುವಾಗ ಮೊಣಕಾಲೂರಿ ಕೂರುತ್ತಾರೆ. ನಾನು ಚಿಕ್ಕವಳಿದ್ದಾಗ ಆಯಾ ತನ್ನ ನೆಂಟರ ಮುಂದೆ ನನ್ನನ್ನೂ ಹಾಗೆ ಕೂರಿಸುತ್ತಿದ್ದಳು. ರೇಷ್ಮೆ ಸೀರೆಯಲ್ಲಿ ಸಿಮೆಂಟಿನ ನೆಲದ ಮೇಲೆ ಕೂತು ‘ಕೊಧೇಯೊ, ನ್ಯಾಬೊ’ ಎಂದೆ. ಬಂದಿರಾ ಅಮ್ಮಾ, ಹೇಗಿದ್ದೀರಿ ಎಂದಂತೆ.

ಅವಳು ನನ್ನನ್ನು ನೋಡಿದಳು, ಹಿಂದೆ ಮುಂದೆ ನೋಡಿದಳು, ಯಾರಾದರೂ ತಮಾಷೆ ಮಾಡುತ್ತಿದ್ದಾರೋ ಎಂದು. ಆಮೇಲೆ ತಾನೂ ಕೂತಳು. ಅವರ ಕುಶಲ ಕೇಳುವಿಕೆ ಉದ್ದದ್ದು. ಮನೆ ಹೇಗಿದೆ, ಮನೆಯವರು ಹೇಗಿದ್ದಾರೆ, ನೀನು ಬಂದ ಕಡೆ ಹೇಗಿದೆ, ಅಲ್ಲಿಯವರು ಹೇಗಿದ್ದಾರೆ. ಒಂದೊಂದಕ್ಕೂ ಇವರು ‘ಹ್ಞೂಂ’, ಅವರು ‘ಹ್ಞೂಂ’. ಗಂಟಲಲ್ಲೇ ನಡೆಯುವ ಆ ಹ್ಞೂಂಕಾರ ಮುಗಿಯುವವರೆಗೆ ಬೇರೆ ಮಾತಿಲ್ಲ. ನಮ್ಮ ಹೆಂಗಸರು ಚಹಾ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ‘ಪಾಪ, ತಲೆ ತಿರುಗಿತೋ ಎಂತದೋ’ ಎಂದು ಒಬ್ಬಾಕೆ ನೀರು ತಂದಳು.

ಗಂಡ ಬಂದು ಬಗ್ಗಿ ಪಿಸುಗುಟ್ಟಿದ: ‘ಎಂತ ಮಾಡ್ತಿದ್ದೀ ನೀನು? ಏಳು ಮಾರಾಯ್ತಿ, ಜನ ನೋಡ್ತಿದ್ದಾರೆ.’

ಇವನೇ ನನ್ನ ಗಂಡ ಎಂದು ಪರಿಚಯ ಮಾಡಿಸಿದೆ. ಅವಳು ಕೂಡಲೇ ಅವನ ಕಡೆ ತಿರುಗಿ, ಮೊಣಕಾಲೂರಿ, ಕೈ ಜೋಡಿಸಿ ಕುಶಲ ಕೇಳತೊಡಗಿದಳು. ಅವನು ಅಂದು ಬಿಳಿ ಶರಟು ಬೇರೆ ಹಾಕಿದ್ದ. ಫಾದರ್ ಎಂದುಕೊಂಡಳೇನೋ ಎಂದು ಯಾರೋ ನಕ್ಕರು. ಸಮೋಸದ ತಟ್ಟೆ ಹಿಡಿದುಕೊಂಡು ಅವನು ಹಿಂದೆ ಹಿಂದೆ ಸರಿದದ್ದು ನೆನೆದರೆ ಈಗಲೂ ನನಗೆ ನಗು ಬರುತ್ತದೆ. ಕಾರಿನಲ್ಲಿ ಮನೆ ಮುಟ್ಟುವವರೆಗೆ ನಾನು ಅವಳ ಮಾತುಗಳನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಅಷ್ಟು ವರ್ಷಗಳ ಮೇಲೆ ಒಬ್ಬರು ನನಗೆ ಉತ್ತರ ಕೊಟ್ಟಿದ್ದರು.

ಅವಳು ಸೋಗದವಳಲ್ಲ. ಇನ್ನೂ ಪೂರ್ವಕ್ಕೆ, ಜೌಗು ನೆಲ ದಾಟಿದರೆ ಸಿಗುವ ಗ್ವೆರೆ ಜನದವಳು. ಅವಳ ಭಾಷೆ ಲುಗ್ವೆರೆ. ಉಗಾಂಡದಲ್ಲಿ ಕೆಲಸದಲ್ಲಿದ್ದ ಇಂಗ್ಲಿಷ್ ಎಂಜಿನಿಯರನೊಬ್ಬನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವನಿಗೆ ಕುವೈತಿನಲ್ಲಿ ಕೆಲಸವಾದಾಗ ಪೆಟ್ಟಿಗೆ ಪೀಠೋಪಕರಣದೊಂದಿಗೆ ಇವಳೂ ಬಂದಿದ್ದಳು. ಇಂಗ್ಲಿಷ್ ಅವಳಿಗೆ ಹಾಲು, ಸ್ನಾನ, ನಿದ್ದೆ, ‘ನೋ’ ಎನ್ನುವಷ್ಟು. ಇಲ್ಲಿ ತನ್ನ ಭಾಷೆಯನ್ನು ಕೇಳಿ ಎರಡು ವರ್ಷದ ಮೇಲಾಯಿತು ಎಂದಳು.

ಆ ಕಡೆಯ ಭಾಷೆಗಳು ಹಾಗೆಯೇ, ಒಂದರ ಬೇಲಿಗೆ ಇನ್ನೊಂದು ತಾಗಿಕೊಂಡಿವೆ. ನದಿಯ ಆಚೆ ದಡದಲ್ಲಿ ಲುಗಾಂಡ, ಈಚೆ ಲುಸೋಗ, ಆಮೇಲೆ ಲುಗ್ವೆರೆ, ಅದರ ಮಗ್ಗುಲಿಗೆ ಇನ್ನೊಂದು. ನೀರಿಗೆ ನನ್ನ ಆಯಾ ಅಮಾಧಿ ಎನ್ನುತ್ತಿದ್ದಳು, ನದಿಯ ಆಚೆಯವರು ಅಮಜ್ಜಿ, ಇವಳು ಅಮಾಯಿಜಿ. ಕೊಂಕಣಿಯಲ್ಲೂ ನೀರಿಗೆ ನಮ್ಮ ಕ್ರೈಸ್ತರು ಉದಾಕ್, ಬ್ರಾಹ್ಮಣರು ಉದ್ದಾಕ ಎನ್ನುವುದನ್ನು ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಸೊಟ್ಟಗೆ ಕೇಳಿಸುವುದೂ ಹೊಸದಲ್ಲ. ನದಿಯಾಚೆಯ ಲುಗಾಂಡ ಮಾತ್ರ ದೊಡ್ಡ ಮನೆಯ ಭಾಷೆ. ಚರ್ಚು, ಶಾಲೆ, ಪುಸ್ತಕ ಎಲ್ಲ ಅದರಲ್ಲಿ. ಆಯಾ ಪ್ರಾರ್ಥನೆಗೆ ಲುಗಾಂಡ ಬಳಸುತ್ತಿದ್ದಳು, ಮುಗಿದ ಕೂಡಲೇ ಲುಸೋಗದಲ್ಲಿ ನನ್ನ ಕಿವಿ ಹಿಂಡುತ್ತಿದ್ದಳು. ಉಳಿದ ಚಿಕ್ಕ ಭಾಷೆಗಳೆಲ್ಲ ತಂತಮ್ಮ ಅಂಗಳದಲ್ಲಿ ಓಡಾಡಿಕೊಂಡಿದ್ದವು. ಅಂಗಳವೇ ಇಲ್ಲದ ಕುವೈತಿನಲ್ಲಿ ಅವು ಏನು ಮಾಡಬೇಕು?

ಶುಕ್ರವಾರಗಳಿಗಾಗಿ ಕಾಯತೊಡಗಿದೆ. ಗೋಡೆಯ ನೆರಳಿನಲ್ಲಿ ಕೂತು ಮಾತಾಡುತ್ತಿದ್ದೆವು. ಅವಳು ನನ್ನನ್ನು ‘ಮುಯಿಂಡಿ’ ಎನ್ನುತ್ತಿದ್ದಳು, ಅಂದರೆ ಇಂಡಿಯಾದವಳು. ನನ್ನ ಲುಸೋಗ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

‘ಸೀರೆ ಉಟ್ಕೊಂಡು, ಮಗು ಎತ್ಕೊಂಡು ಇಷ್ಟು ದೊಡ್ಡ ಹೆಂಗಸು, ಆಡು ಮೇಯಿಸೋ ಹುಡುಗಿ ಹಾಗೆ ಮಾತಾಡ್ತೀಯಲ್ಲ!’

ನಿಜವೇ. ನನ್ನ ಭಾಷೆಗೆ ಹತ್ತು ವರ್ಷ ತುಂಬಿದಾಗ ಅದರ ಬೆಳವಣಿಗೆ ನಿಂತುಹೋಗಿತ್ತು. ಗೆಣಸು ಸುಡುವುದು, ಮರ ಹತ್ತುವುದು, ಹಲ್ಲು ಬೀಳುವುದು, ತುಂಟತನಕ್ಕೆ ಬೈಸಿಕೊಳ್ಳುವುದು ಎಲ್ಲ ಸರಾಗ. ಮದುವೆ, ಬಸಿರು, ಗಂಡನ ಮೇಲಿನ ಸಿಟ್ಟು ಹೇಳಹೊರಟರೆ ಮಾತಿಲ್ಲ. ನನಗೆ ಇಲ್ಲಿ ಒಂಟಿಯೆನಿಸುತ್ತದೆ ಎಂದು ಅವಳಿಗೆ ಹೇಳಬೇಕಾಗಿತ್ತು. ಆಗಲಿಲ್ಲ. ‘ನನ್ನ ಮನೆಯಲ್ಲಿ ಜನ ಇಲ್ಲ’ ಎಂದೆ. ಅವಳು ನಗಲಿಲ್ಲ. ‘ಹ್ಞೂಂ’ ಎಂದಳು.

ಒಂದು ಶುಕ್ರವಾರ ಅವಳು ಮಕ್ಕಳನ್ನು ಬೈಯದೆ ಗೋಡೆಗೆ ಒರಗಿ ನಿಂತಿದ್ದಳು. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದಿತ್ತು. ಸುದ್ದಿ ಕುವೈತು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಹಳ ದಿನವಾಗಿತ್ತು. ಮನೆಯೊಡತಿ ಒಳ್ಳೆಯವಳೇ. ಕೈ ಹಿಡಿದುಕೊಂಡಳಂತೆ, ಚಹಾ ಮಾಡಿ ಕೊಟ್ಟಳಂತೆ. ಮಕ್ಕಳು ಹೆದರಿಕೊಳ್ಳುತ್ತಾರೆ, ಅವರ ಮುಂದೆ ಅಳಬೇಡ ಎಂದಳಂತೆ.

‘ನಾನು ಇನ್ನೂ ಅತ್ತಿಲ್ಲ’ ಎಂದಳು.

ಅವಳ ಮಾತಿನ ಅರ್ಥ ಕಣ್ಣೀರು ಬಂದಿಲ್ಲ ಎಂದಲ್ಲ. ಕಣ್ಣು ಊದಿಕೊಂಡಿತ್ತು. ಅವರಲ್ಲಿ ಸತ್ತವರಿಗಾಗಿ ಅಳುವುದು ಒಂದು ಕೆಲಸ, ಅದನ್ನು ಬಾಯಿ ಬಿಟ್ಟು ಮಾಡಬೇಕು. ಸತ್ತವಳು ಮಾಡಿದ್ದನ್ನೆಲ್ಲ ಎತ್ತಿ ಹೇಳಿ ಒಬ್ಬಳು ಅಳುತ್ತಾಳೆ, ಅವಳ ದನಿ ಇಳಿಯುವಾಗ ಇನ್ನೊಬ್ಬಳು ಅದನ್ನು ಎತ್ತಿಕೊಳ್ಳುತ್ತಾಳೆ. ಎತ್ತಿಕೊಳ್ಳುವ ದನಿಯಿಲ್ಲದಿದ್ದರೆ ಅದು ಅಳುವೇ ಅಲ್ಲ, ಹುಚ್ಚಿಯೊಬ್ಬಳು ಕೂಗಿಕೊಂಡ ಹಾಗೆ. ತಾಯಿಗೆ ಮಗಳು ಅಳದಿದ್ದರೆ ತಾಯಿಯನ್ನು ಆಚೆ ಎಸೆದ ಹಾಗೆ. ಇದಿಷ್ಟನ್ನು ಅವಳು ನಿಧಾನವಾಗಿ, ನನಗೆ ತಿಳಿಯುವಂತೆ ಮಕ್ಕಳ ಮಾತಿನಲ್ಲಿ ಹೇಳಿದಳು. ಆಮೇಲೆ ಕೇಳಿದಳು:

‘ನಿನ್ನ ಮನೆಯಲ್ಲಿ ಅಳಬಹುದಾ?’

ನಮ್ಮ ಕಟ್ಟಡದ ಗೋಡೆಗಳು ಎಷ್ಟು ತೆಳುವೆಂದರೆ ಮೇಲಿನ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ನಾವು ಹೇಳಬಹುದಾಗಿತ್ತು. ಅಳುವುದಿರಲಿ, ಎತ್ತಿಕೊಳ್ಳುವವಳು ನಾನೇ ಆಗಬೇಕಲ್ಲ? ಸಾವಿನ ಮನೆಯ ಅಳುವನ್ನು ನಾನು ಹತ್ತಿಯ ಹೊಲಗಳ ಆಚೆಯಿಂದ ಕೇಳಿದ್ದೆ, ಅಷ್ಟೆ. ಮಕ್ಕಳು ಅಲ್ಲಿಗೆ ಹೋಗಬಾರದೆಂದು ಆಯಾ ನನ್ನನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ನನಗೆ ಆ ಮಾತುಗಳು ಬರುವುದಿಲ್ಲ ಎಂದೆ. ‘ನಿನ್ನನ್ನು ಬಿಟ್ಟರೆ ನನಗೆ ಇಲ್ಲಿ ಯಾರಿದ್ದಾರೆ?’ ಎಂದಳು. ಅದು ನನ್ನ ಪ್ರಶ್ನೆಯೂ ಆಗಿತ್ತು.

ಹೀಗೆ ಅಳುವುದಕ್ಕೆ ದಿನ ಗೊತ್ತುಮಾಡಿದೆವು. ಗಂಡನ ಬೆಳಗಿನ ಪಾಳಿಯ ದಿನ. ಅವನಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಎನ್ನುತ್ತಿದ್ದ, ಆಮೇಲೆ ಜಗಳವಾಗುತ್ತಿತ್ತು, ಕೊನೆಗೆ ನಾನು ಮಾಡಿಯೇ ಮಾಡುತ್ತಿದ್ದೆ. ಮಗಳನ್ನು ಮೇಲಿನ ಮನೆಯಲ್ಲಿ ಬಿಟ್ಟೆ. ಅಲ್ಲಿ ಮೈಸೂರಿನ ಕಡೆಯ ಎಂಜಿನಿಯರರ ಸಂಸಾರ. ಆ ಮನೆಯಾಕೆಗೂ ನನಗೂ ಮೆಟ್ಟಿಲ ಮೇಲಿನ ಪರಿಚಯ.

‘ಸ್ವಲ್ಪ ಹೊತ್ತು ಮಗು ನೋಡಿಕೊಳ್ತೀರಾ? ನಮ್ಮಲ್ಲಿಗೆ ಒಬ್ಬರು ಅಳಲಿಕ್ಕೆ ಬರ್ತಾರೆ’ ಎಂದೆ.

‘ಏನಕ್ಕೆ?’

‘ಅಳಲಿಕ್ಕೆ.’

ಆಕೆ ನನ್ನ ಮುಖವನ್ನೇ ನೋಡಿ, ‘ಕೊಡಿ ಮಗೂನ’ ಎಂದು ಎತ್ತಿಕೊಂಡಳು.

ಕಿಟಕಿಗಳನ್ನೆಲ್ಲ ಮುಚ್ಚಿದೆ. ಏಸಿಯನ್ನು ಜೋರು ಮಾಡಿದೆ. ಅವಳು ಬಂದವಳೇ ಚಪ್ಪಲಿ ಬಿಟ್ಟು, ತಲೆಯ ವಸ್ತ್ರ ಬಿಚ್ಚಿ, ನೆಲದ ಮೇಲೆ ಕಾಲು ಚಾಚಿ ಕೂತಳು. ನಾನು ಎದುರಿಗೆ ಕೂತೆ. ನಾಟಕಕ್ಕೆ ಮೊದಲು ಆಗುವಂಥ ನಾಚಿಕೆ ನನಗೆ. ಅವಳಿಗೆ ಅಂಥದ್ದೇನೂ ಇರಲಿಲ್ಲ.

ಮೊದಲ ಕೂಗು ಎದ್ದಿತು. ಅಷ್ಟು ಚಿಕ್ಕ ಹೆಂಗಸಿನ ಒಳಗೆ ಅಂಥ ದನಿ ಎಲ್ಲಿತ್ತೋ. ಅಮ್ಮಾ, ಜೊಂಡಿನ ಜೌಗು ದಾಟಿ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮಿಶನ್ ಆಸ್ಪತ್ರೆಗೆ ನಡೆದವಳೇ. ರಾಗಿ ಬೀಸುವಾಗ ಹಾಡಿದವಳೇ. ನಿನ್ನ ಮಗಳು ಬಿಳಿಯರ ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದಾಗ ನಿನಗೆ ಸ್ನಾನ ಮಾಡಿಸಿದವರು ಯಾರು? ದನಿ ಏರಿತು, ಏರಿ ನಿಂತು, ಇಳಿಯಿತು. ಇಳಿದಲ್ಲಿ ನಾನು ಎತ್ತಿಕೊಳ್ಳಬೇಕಾಗಿತ್ತು.

ಬಾಯಿ ತೆರೆದೆ. ಏನೂ ಬರಲಿಲ್ಲ. ಏಸಿಯ ಶಬ್ದವೊಂದೇ ಉಳಿಯಿತು.

ಅವಳು ಕಾದಳು. ಮತ್ತೆ ಶುರು ಮಾಡಿದಳು. ಮತ್ತೆ ದನಿ ಇಳಿಯಿತು, ಮತ್ತೆ ನಾನು ಮೂಕಿ. ನೀರಿನಲ್ಲಿ ಮುಳುಗುತ್ತಿರುವವಳು ಕೈ ಚಾಚುತ್ತಿದ್ದಾಳೆ, ನನಗೆ ಕೈಯೇ ಇಲ್ಲ ಅನ್ನಿಸಿತು. ಮೂರನೆಯ ಸಲ ಅವಳ ದನಿ ಒಡೆದುಹೋಯಿತು. ಅವಳು ನನ್ನನ್ನು ನೋಡಿದ ನೋಟಕ್ಕೆ ತಡೆಯಲಾರದೆ ಹತ್ತಿರ ಸರಿದು, ಅವಳ ತಲೆಯನ್ನು ಹಿಡಿದುಕೊಂಡು, ನನ್ನಲ್ಲಿ ಇದ್ದದ್ದನ್ನೇ ಹೇಳಿಬಿಟ್ಟೆ:

‘ಸಿರಿಕ, ಸಿರಿಕ, ಮ್ವಾನ ವಾಂಗೆ.’

ಸುಮ್ಮನಿರು, ಸುಮ್ಮನಿರು, ನನ್ನ ಕಂದಾ. ಬಿದ್ದು ಮಂಡಿ ತರಚಿಕೊಂಡಾಗ ಆಯಾ ನನಗೆ ಹೇಳುತ್ತಿದ್ದದ್ದು. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡೆ. ಸತ್ತ ಮನೆಯಲ್ಲಿ ಅಳುವವಳಿಗೆ ಸುಮ್ಮನಿರು ಎಂದು ಯಾರಾದರೂ ಹೇಳುತ್ತಾರೆಯೇ? ಅದೂ ಅವಳ ಅರ್ಧ ವಯಸ್ಸಿನ ನಾನು, ಅವಳನ್ನು ಕಂದಾ ಎಂದು!

ಅವಳು ಗಕ್ಕನೆ ನಿಲ್ಲಿಸಿ ತಲೆಯೆತ್ತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖ ಮೆಲ್ಲಗೆ ಮುದುಡಿತು, ಚಿಕ್ಕ ಮಕ್ಕಳ ಮುಖ ಮುದುಡುವ ಹಾಗೆ. ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಕೂಗಲಿಲ್ಲ, ಹೇಳಿಕೊಳ್ಳಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ನಾನು ಬೆನ್ನು ಸವರುತ್ತ ಅದನ್ನೇ ಹೇಳುತ್ತ ಹೋದೆ. ಲುಸೋಗಕ್ಕೂ ಲುಗ್ವೆರೆಗೂ ಆ ಮಾತಿನಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಬಾಗಿಲು ತಟ್ಟಿದ ಶಬ್ದವಾಯಿತು. ಮುಗಿಯಿತು, ಇನ್ನು ಮಾಲೀಕನಿಗೆ ದೂರು ಎಂದುಕೊಂಡೇ ತೆರೆದೆ. ಮೇಲಿನ ಮನೆಯಾಕೆ ಸೊಂಟದ ಮೇಲೆ ನನ್ನ ಮಗಳನ್ನು ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಕ್ಯಾರಿಯರ್ ಹಿಡಿದು ನಿಂತಿದ್ದಳು.

‘ಯಾರ್ರೀ ಹೋಗಿದ್ದು?’

‘ಅವರ ಅಮ್ಮ.’

‘ಅಯ್ಯೋ ಪಾಪ. ಅನ್ನ ಸಾರು ಇದೆ, ಬಿಸಿಯಾಗಿದೆ. ಸಾವಿನ ಮನೇಲಿ ಒಲೆ ಹಚ್ಚಬಾರದು ಅಲ್ವಾ? ಮಗು ನನ್ನ ಹತ್ರಾನೇ ಇರ್ಲಿ.’ ಒಳಗೆ ಇಣುಕಿಯೂ ನೋಡದೆ ಮೆಟ್ಟಿಲು ಹತ್ತಿ ಹೋದಳು.

ನಾವಿಬ್ಬರೂ ನೆಲದ ಮೇಲೆ ಕೂತು ಉಂಡೆವು. ಸಾರಿನ ಖಾರಕ್ಕೆ ಅವಳ ಮೂಗು ಸೋರಿತು. ಕೈ ತೊಳೆದು ಬಂದು ಕೇಳಿದಳು:

‘ನಿನಗೆ ಹಾಗೆ ಸಿರಿಕ ಅಂತಿದ್ದವಳು ಯಾರು?’

ಆಯಾ ಎಂದೆ.

‘ಇದ್ದಾಳಾ?’

‘ಗೊತ್ತಿಲ್ಲ.’

‘ಊರು?’

‘ಗೊತ್ತಿಲ್ಲ.’

ಅವಳು ಎದ್ದು, ಬಿಚ್ಚಿಟ್ಟಿದ್ದ ತಲೆಯ ವಸ್ತ್ರವನ್ನು ಮತ್ತೆ ಕಟ್ಟಿಕೊಂಡು, ಈ ಸಲ ನಾನು ಕೂತಿದ್ದ ಜಾಗದಲ್ಲಿ ತಾನು ಕೂತಳು. ತಾನು ಕೂತಿದ್ದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು.

‘ಬಾ. ಅವಳಿಗಾಗಿ ನೀನು ಅಳು. ನಾನು ಎತ್ತಿಕೊಳ್ತೇನೆ.’

ನಾನು ಹೋಗಿ ಕೂತೆ. ಕಾಲು ಚಾಚಿದೆ. ಇಷ್ಟು ವರ್ಷದ್ದನ್ನೆಲ್ಲ ಎತ್ತಿ ಹೇಳಲು ಬಾಯಿ ತೆರೆದೆ. ಆಗ ಒಂದು ಯೋಚನೆ ಬಂತು, ಎಲ್ಲ ನಿಂತುಹೋಯಿತು.

‘ಬದುಕಿದ್ದರೆ?’ ಎಂದೆ.

ಅವಳು ಯೋಚಿಸಿದಳು. ‘ಬದುಕಿದ್ದರೆ ಅಳಬಾರದು. ಬದುಕಿರುವವಳನ್ನು ಅತ್ತು ಕಳಿಸಿಬಿಟ್ಟ ಹಾಗಾಗ್ತದೆ’ ಎಂದಳು. ‘ಸುದ್ದಿ ಬರಲಿ. ಬಂದ ದಿನ ನನಗೆ ಹೇಳು.’

ಮುಂದಿನ ಚಳಿಗಾಲದಲ್ಲಿ ಆ ಇಂಗ್ಲಿಷ್ ಸಂಸಾರಕ್ಕೆ ಬೇರೆ ದೇಶಕ್ಕೆ ವರ್ಗವಾಯಿತು. ಯಾವ ದೇಶವೆಂದು ಅವಳಿಗೆ ಸರಿಯಾಗಿ ಹೇಳಲು ಬರಲಿಲ್ಲ. ಅವಳು ಹೋದ ಮೇಲೆ ನಾನು ಮತ್ತೆ ಗೋಡೆಗೆ ಮಾತಾಡತೊಡಗಿದೆ. ಆಮೇಲೆ ಅದೂ ಕಡಿಮೆಯಾಯಿತು. ಮಗಳು ಶಾಲೆಗೆ ಹೋಗಿ, ನಾನು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಕಲಿತಳು.

ನನ್ನ ಆಯಾ ಈಗ ಇದ್ದರೆ ನೂರರ ಹತ್ತಿರವಿರಬೇಕು. ಇರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಅವಳ ಸುದ್ದಿಯನ್ನು ನನಗೆ ಮುಟ್ಟಿಸಬೇಕು ಎಂದು ತಿಳಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಸುದ್ದಿ ಬಂದಿಲ್ಲ, ಹಾಗಾಗಿ ನಾನು ಇನ್ನೂ ಅತ್ತಿಲ್ಲ.